ಸಾರ್ಜೆಂಟ್ ಪೆಪ್ಪರ್: ಮೊನೊ, ಹಳೇ ಸ್ಟೀರಿಯೊ, 2017ರ ಮಿಕ್ಸ್ – ಯಾವುದು ಕೇಳೋಣ?

ಮೈಸೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆ. ಇಯರ್‌ಫೋನ್‌ನ ಒಂದು ಕಡೆ ಕೆಟ್ಟಿತ್ತು. ವೈರು ತಿರುಚಿ ಹಿಡಿದುಕೊಂಡರೂ ಸರಿಹೋಗಲಿಲ್ಲ. ಹಾಗೇ ನಾಲ್ವರ ಬ್ರಿಟಿಷ್ ಬ್ಯಾಂಡ್ ಬೀಟಲ್ಸ್‌ನವರ 'ಎ ಡೇ ಇನ್ ದ ಲೈಫ್' ಹಾಕಿದೆ. ಗಿಟಾರ್ ಬರ್ತಿದೆ, ಪಿಯಾನೊ ಬರ್ತಿದೆ, ಜಾನ್ ಲೆನನ್ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಹಾಡು ಮುಂದೆ ಹೋದಂತೆ ದನಿ ನಿಧಾನಕ್ಕೆ ಹತ್ತಿರ ಬಂತು. ಎಂಥ ಕಲ್ಪನೆ ಅಂತ ಮೈ ಜುಮ್ಮೆಂದಿತು. ಆ ಹಾಡೇ ಹಾಗೆ ಅಂತ ಎಷ್ಟೋ ತಿಂಗಳು ನಂಬಿದ್ದೆ.

ಆಮೇಲೆ ಅದೇ ಹಾಡನ್ನು ಮೊನೊದಲ್ಲಿ, ಅಂದರೆ ಎಡ ಬಲ ಅಂತ ಬೇರೆ ಮಾಡದೆ ಎಲ್ಲ ಸದ್ದನ್ನೂ ಒಂದಾಗಿಸಿದ ರೂಪದಲ್ಲಿ, ಕೇಳಿದೆ. ಮೊದಲ ಸಾಲಿನಿಂದಲೇ ದನಿ ಎದುರಿಗೆ ಕೂತಿದೆ. ಎಡಕ್ಕೊಂದು ಬಲಕ್ಕೊಂದು ಅಂತ ಸದ್ದು ಹಂಚುವ ಹಳೇ ಸ್ಟೀರಿಯೊದಲ್ಲಿ ಲೆನನ್ ದನಿಯನ್ನು ಒಂದು ಕಡೆಯಿಂದ ಶುರು ಮಾಡಿ, ಹಾಡು ಮುಗಿಯುವ ಹೊತ್ತಿಗೆ ಇನ್ನೊಂದು ಕಡೆಗೆ ಸರಿಸಿದ್ದಾರೆ. ನನ್ನ ಕೆಟ್ಟ ಇಯರ್‌ಫೋನ್ ಅದರಲ್ಲಿ ಅರ್ಧ ನುಂಗಿಹಾಕಿತ್ತು.

ಆ ಹಾಡಿರುವ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಆಲ್ಬಮ್ಮನ್ನು ಈಗ ಹೊಸದಾಗಿ ಕೇಳಲು ಹೊರಟವರಿಗೆ ಎದುರಾಗುವ ಪ್ರಶ್ನೆ, ಯಾವ ರೂಪದಲ್ಲಿ ಕೇಳುವುದು ಅನ್ನೋದು. ಹೆಸರು ಒಂದು, 13 ಹಾಡು, ಸುಮಾರು 40 ನಿಮಿಷ. ಆದರೆ ರೂಪ ಮುಖ್ಯವಾಗಿ ಮೂರು: 1967ರ ಮೊನೊ, 1967ರ ಸ್ಟೀರಿಯೊ, 2017ರ ಹೊಸ ಸ್ಟೀರಿಯೊ. ಮೂರೂ ಒಂದೇ ಅಲ್ಲ. ಕೆಲವು ಕಡೆ ಶ್ರುತಿಯೇ ಬೇರೆ!

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸ್ಪೀಕರ್ ಇದ್ದರೆ ಮೊನೊ. ಫೋನು, ಇಯರ್‌ಫೋನ್ ಇಷ್ಟೇ ಇದ್ದರೆ 2017ರ ಮಿಕ್ಸ್ (ಮಿಕ್ಸ್ ಅಂದರೆ ಬಿಡಿ ಸದ್ದುಗಳನ್ನು ಹದವಾಗಿ ಬೆರೆಸಿದ್ದು). ಹಳೇ ಸ್ಟೀರಿಯೊ ಕೊನೆಗೆ, ಅದೂ ಒಂದು ನಿರ್ದಿಷ್ಟ ಕಾರಣಕ್ಕೆ. ಯಾಕೆ ಅಂತ ತಿಳಿಯಬೇಕಾದರೆ ಈ ಆಲ್ಬಮ್ ಹೇಗೆ ತಯಾರಾಯಿತು ಅನ್ನೋದನ್ನು ಸ್ವಲ್ಪ ನೋಡಬೇಕು.

ನಾಲ್ಕೇ ಟ್ರ್ಯಾಕ್

1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಡಿದ ಮೇಲೆ ಬೀಟಲ್ಸ್‌ನವರು ಊರೂರು ತಿರುಗುವುದನ್ನು ನಿಲ್ಲಿಸಿದರು. ವೇದಿಕೆ ಮೇಲೆ ನುಡಿಸಬೇಕು ಅನ್ನುವ ಹಂಗು ತಪ್ಪಿತು. ನವೆಂಬರ್ 24ಕ್ಕೆ ಲಂಡನ್ನಿನ ಆ್ಯಬಿ ರೋಡ್‌ನಲ್ಲಿದ್ದ, ರೆಕಾರ್ಡ್ ಕಂಪನಿ ಇಎಂಐನ ಸ್ಟುಡಿಯೊಗೆ ಹೋಗಿ ಕೂತವರು, ಕೆಲಸ ಮುಗಿಸಿದ್ದು 1967ರ ಏಪ್ರಿಲ್‌ನಲ್ಲಿ. ಒಟ್ಟು ಸುಮಾರು 700 ಗಂಟೆ ಅಂತ ಲೆಕ್ಕ ಹೇಳುತ್ತಾರೆ. ಇದೇ ನಾಲ್ವರು 1963ರಲ್ಲಿ ತಮ್ಮ ಮೊದಲ ಆಲ್ಬಮ್ಮಿನ 10 ಹಾಡುಗಳನ್ನು ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು.

ಹಾಗೆ ಶುರುವಾದ ಕೆಲಸದಲ್ಲಿ ಮೊದಮೊದಲು ಸಿದ್ಧವಾದ ಹಾಡುಗಳಲ್ಲಿ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಮತ್ತು 'ಪೆನ್ನಿ ಲೇನ್' ಇದ್ದವು. ಒಂದು ಸಿಂಗಲ್, ಅಂದರೆ ಬದಿಗೊಂದು ಹಾಡಿರುವ ಚಿಕ್ಕ ರೆಕಾರ್ಡ್, ಬೇಕೇ ಬೇಕು ಅಂತ ಒತ್ತಾಯ ಬಂತು. ಫೆಬ್ರವರಿಯಲ್ಲೇ ಎರಡನ್ನೂ ಬಿಡುಗಡೆ ಮಾಡಿದರು, ಹಾಗಾಗಿ ಆಲ್ಬಮ್ಮಿಗೆ ಸೇರಿಸಲಿಲ್ಲ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಆಮೇಲೆ ಜೀವನಪೂರ್ತಿ ಇದಕ್ಕೆ ಪಶ್ಚಾತ್ತಾಪ ಪಟ್ಟರು. ನನಗೂ ಹೊಟ್ಟೆ ಉರಿಯುತ್ತದೆ.

ಅವರ ಹತ್ತಿರ ಇದ್ದದ್ದು ನಾಲ್ಕು ಟ್ರ್ಯಾಕಿನ ಟೇಪ್ ಮೆಷಿನ್. ಅಂದರೆ ನಾಲ್ಕು ಪಾತ್ರೆ ಇದ್ದ ಹಾಗೆ. ಡ್ರಮ್ ಒಂದರಲ್ಲಿ, ಗಿಟಾರ್ ಒಂದರಲ್ಲಿ, ಪಿಯಾನೊ, ಹಾಡು ಅಂತ ನಾಲ್ಕೂ ತುಂಬಿದ ಮೇಲೆ ಜಾಗ ಇಲ್ಲ. ಆಗ ಇಂಜಿನಿಯರ್ ಜೆಫ್ ಎಮರಿಕ್ ಏನು ಮಾಡುತ್ತಿದ್ದರು ಅಂದರೆ, ನಾಲ್ಕನ್ನೂ ಸೇರಿಸಿ ಇನ್ನೊಂದು ಮೆಷಿನ್ನಿನ ಒಂದೋ ಎರಡೋ ಟ್ರ್ಯಾಕಿಗೆ ಸುರಿಯುತ್ತಿದ್ದರು. ಅಲ್ಲಿ ಉಳಿದ ಟ್ರ್ಯಾಕ್‌ಗಳಿಗೆ ಹೊಸದನ್ನು ತುಂಬಬಹುದು. ಆಗ ಎಮರಿಕ್‌ಗೆ 21 ವರ್ಷ ವಯಸ್ಸು ಅಷ್ಟೇ.

ಈ ಸುರಿಯುವ ಕೆಲಸದಲ್ಲೇ ಇಡೀ ಹೋಲಿಕೆಯ ಗುಟ್ಟು ಅಡಗಿದೆ. ಸಾರಿಗೆ ಉಪ್ಪು ಹಾಕಿದ ಮೇಲೆ ಮತ್ತೆ ತೆಗೆಯೋಕೆ ಆಗಲ್ಲ ಅಲ್ವಾ? ಹಾಗೇ ಡ್ರಮ್ಮು, ಗಿಟಾರು, ಪಿಯಾನೊ ಒಂದೇ ಟ್ರ್ಯಾಕಿನಲ್ಲಿ ಬೆರೆತ ಮೇಲೆ ಬಿಡಿಸೋಕೆ ಆಗಲ್ಲ. ಮೊನೊಗೆ ಇದರಿಂದ ತೊಂದರೆ ಇಲ್ಲ, ಎಲ್ಲ ಕೊನೆಗೆ ಒಂದೇ ಸ್ಪೀಕರಿಗೆ ಬರುವುದು. ಸ್ಟೀರಿಯೊ ಮಾಡುವಾಗ ಮಾತ್ರ ತಲೆನೋವು. ಆ ಬೆರೆತ ಗಂಟನ್ನು ಎಲ್ಲಾದರೂ ಒಂದು ಕಡೆ ಇಡಲೇಬೇಕು. ಎಡಕ್ಕೆ ಇಟ್ಟರೆ ಡ್ರಮ್ಮಿನ ಸಮೇತ ಎಲ್ಲ ಎಡಕ್ಕೇ ಹೋಗುತ್ತದೆ.

ಇನ್ನೊಂದು ವಿಷಯ. 1967ರ ಬ್ರಿಟನ್ನಿನಲ್ಲಿ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಮೊನೊ ಪ್ಲೇಯರ್, ಟ್ರಾನ್ಸಿಸ್ಟರ್ ರೇಡಿಯೊ. ಸ್ಟೀರಿಯೊ ಅನ್ನೋದು ದುಡ್ಡಿದ್ದವರ ಮನೆಯ ಸಾಮಾನು. ಹಾಗಾಗಿ ಬೀಟಲ್ಸ್‌ನವರು ಪಕ್ಕದಲ್ಲೇ ಕೂತು, ಅದು ಹಾಗಿರಲಿ ಇದು ಹೀಗಿರಲಿ ಅಂತ ಹೇಳಿ ಮುಗಿಸಿದ್ದು ಮೊನೊ ಮಿಕ್ಸನ್ನು. ಸ್ಟೀರಿಯೊ ಮಿಕ್ಸನ್ನು ಮಾರ್ಟಿನ್, ಎಮರಿಕ್ ಮತ್ತು ಟೇಪ್ ನೋಡಿಕೊಳ್ಳುತ್ತಿದ್ದ ರಿಚರ್ಡ್ ಲಷ್ ಸೇರಿ ಕೆಲವೇ ದಿನಗಳಲ್ಲಿ ಮಾಡಿ ಮುಗಿಸಿದರು. ನಾಲ್ವರೂ ಅಲ್ಲಿರಲಿಲ್ಲ. ನಾವು ದಶಕಗಳ ಕಾಲ ಕೇಳಿದ್ದು ಮಾತ್ರ ಆ ಸ್ಟೀರಿಯೊವನ್ನೇ. 1987ರಲ್ಲಿ ಮೊದಲ ಸಲ ಸಿಡಿ ಬಂದಾಗಲೂ ಅದೇ.

ಮೊನೊ: ಅವರು ಒಪ್ಪಿದ್ದು

ಮೊನೊ ಅಂದರೆ ಹಳತು, ಸಪ್ಪೆ ಅನ್ನುವ ಭಾವನೆ ನಮ್ಮಲ್ಲಿದೆ. ನನಗೂ ಇತ್ತು. ಒಮ್ಮೆ 'ಶೀಸ್ ಲೀವಿಂಗ್ ಹೋಮ್' ಕೇಳಿ ನೋಡಿ. ಮನೆ ಬಿಟ್ಟು ಹೋಗುವ ಹುಡುಗಿಯ ಹಾಡು. ಬೀಟಲ್ಸ್‌ನವರು ಇದರಲ್ಲಿ ಯಾವ ವಾದ್ಯವನ್ನೂ ನುಡಿಸಿಲ್ಲ, ಬರೀ ತಂತಿವಾದ್ಯಗಳು. ಹಾರ್ಪ್ ನುಡಿಸಿದವರು ಶೀಲಾ ಬ್ರಾಂಬರ್ಗ್. ಹಳೇ ಸ್ಟೀರಿಯೊದಲ್ಲಿ ಈ ಹಾಡು ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರಕ್ಕಿದೆ. ಮೊನೊದಲ್ಲಿ ಟೇಪನ್ನು ಸ್ವಲ್ಪ ಜೋರಾಗಿ ಓಡಿಸಿ ಬಿಳಿ ನಾಲ್ಕಕ್ಕೆ ಏರಿಸಿದ್ದಾರೆ. ಒಂದೇ ಮನೆಯ ವ್ಯತ್ಯಾಸ. ಆದರೆ ಸ್ಟೀರಿಯೊದಲ್ಲಿ ಹಾಡು ಕಾಲೆಳೆದುಕೊಂಡು ಅಳುತ್ತದೆ. ಮೊನೊದಲ್ಲಿ ಪಾಲ್ ಮೆಕಾರ್ಟ್ನಿ ದನಿ ಎಳೆಯದಾಗಿ, ನಡಿಗೆ ಚುರುಕಾಗಿ, ಹುಡುಗಿ ನಿಜಕ್ಕೂ ಬಾಗಿಲು ದಾಟಿ ಹೋಗಿಬಿಟ್ಟಳು ಅನ್ನಿಸುತ್ತದೆ. ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿ. ಈ ಒಂದು ಹಾಡು ಸಾಕು, ನಿಮ್ಮ ಆಯ್ಕೆ ಅಲ್ಲೇ ತೀರ್ಮಾನ ಆಗಬಹುದು.

'ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್' ತದ್ವಿರುದ್ಧ. ಮೊನೊದಲ್ಲಿ ಅದು ಸ್ವಲ್ಪ ನಿಧಾನ. ಲೆನನ್ ದನಿಯ ಮೇಲೆ ನೀರಿನ ಅಲೆ ಹರಿದ ಹಾಗೆ ಒಂದು ಕಂಪನ. ಅದು ಕೆನ್ ಟೌನ್ಸೆಂಡ್ ಅನ್ನುವ ಸ್ಟುಡಿಯೊ ಇಂಜಿನಿಯರ್ ಕಂಡುಹಿಡಿದ ಉಪಾಯದ ಫಲ. ಅದೇ ದನಿಯನ್ನು ಇನ್ನೊಂದು ಟೇಪ್ ಮೆಷಿನ್ನಿನಿಂದ ಚೂರೇ ಚೂರು ಹಿಂದೆ ಮುಂದೆ ಮಾಡಿ ಮತ್ತೆ ಸೇರಿಸುವುದು. ಹಾಡುಗಾರ ಎರಡು ಸಲ ಹಾಡಿದ ಹಾಗೆ ಕೇಳಿಸುತ್ತದೆ. ಸ್ಟೀರಿಯೊದಲ್ಲಿ ಈ ಕಂಪನ ತೀರಾ ತೆಳು. ಇನ್ನು ಶೀರ್ಷಿಕೆ ಹಾಡು ಎರಡನೇ ಸಲ ಬರುತ್ತದಲ್ಲ, ಅದರ ಕೊನೆಯಲ್ಲಿ ಮೆಕಾರ್ಟ್ನಿ ಕಿರುಚುತ್ತಾ ಹಾಡುವುದು ಮೊನೊದಲ್ಲಿ ಚೆನ್ನಾಗಿ ಕೇಳಿಸುತ್ತದೆ. ಸ್ಟೀರಿಯೊದಲ್ಲಿ ಅದನ್ನು ಹುಡುಕಬೇಕು.

ಒಂದು ಎಚ್ಚರಿಕೆ. ಫೋನಿನ ಸೆಟ್ಟಿಂಗ್‌ನಲ್ಲಿ 'ಮೊನೊ ಆಡಿಯೊ' ಅಂತ ಒಂದು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಈ ಮೊನೊ ಸಿಗುವುದಿಲ್ಲ. ಅದು ಸ್ಟೀರಿಯೊದ ಎಡ ಬಲ ಎರಡನ್ನೂ ಕೂಡಿಸುತ್ತದೆ ಅಷ್ಟೇ. 'ಶೀಸ್ ಲೀವಿಂಗ್ ಹೋಮ್' ಆಗಲೂ ಬಿಳಿ ಮೂರರಲ್ಲೇ ಇರುತ್ತದೆ. ಆದರೆ ನನ್ನ ಹಾಗೆ ಇಯರ್‌ಫೋನ್‌ನ ಒಂದು ಕಡೆ ಹೋಗಿದ್ದರೆ ಮಾತ್ರ ಆ ಬಟನ್ ತುಂಬಾ ಉಪಕಾರಿ. ಆ ರಾತ್ರಿ ನನಗೆ ಗೊತ್ತಿರಲಿಲ್ಲ.

ಮೊನೊದ ಕಷ್ಟ ಏನು ಅಂದರೆ ಸುಲಭಕ್ಕೆ ಸಿಗಲ್ಲ. 2009ರಲ್ಲಿ ಬಂದ ಮೊನೊ ಸಿಡಿ ಪೆಟ್ಟಿಗೆ, 2014ರಲ್ಲಿ ಮೂಲ ಟೇಪಿನಿಂದ ನೇರವಾಗಿ ಕೊರೆದ ಎಲ್‌ಪಿ, 2017ರ ದೊಡ್ಡ ಪೆಟ್ಟಿಗೆಯೊಳಗಿನ ಒಂದು ಸಿಡಿ, ಈ ಮೂರು ದಾರಿ. ಮೂರಕ್ಕೂ ಜಾಸ್ತಿ ಖರ್ಚು. ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಎಲ್ಲ ಸದ್ದೂ ತಲೆಯ ನಡುವೆ ಒಂದು ಗೆರೆಯಲ್ಲಿ ನಿಂತ ಹಾಗೆ ಆಗುತ್ತದೆ. ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಸ್ಪೀಕರಿನಲ್ಲಿ, ಕೋಣೆಯ ಗಾಳಿಯಲ್ಲಿ ಕೇಳಿದರೆ ಅದೇ ಮೊನೊ ಎದೆಗೆ ಗುದ್ದುತ್ತದೆ. ಅದಕ್ಕೇ ಸ್ಪೀಕರ್ ಇದ್ದವರಿಗೆ ಮಾತ್ರ ಮೊನೊ ಅಂದೆ.

2017ರ ಮಿಕ್ಸ್: ಮಗ ಮಾಡಿದ್ದು

ಜಾರ್ಜ್ ಮಾರ್ಟಿನ್ 2016ರಲ್ಲಿ ತೀರಿಕೊಂಡರು. ಮರುವರ್ಷ ಆಲ್ಬಮ್ಮಿಗೆ 50 ತುಂಬಿತು. ಅವರ ಮಗ ಜೈಲ್ಸ್ ಮಾರ್ಟಿನ್, ಇಂಜಿನಿಯರ್ ಸ್ಯಾಮ್ ಓಕೆಲ್ ಜೊತೆ ಕೂತು ಹೊಸದಾಗಿ ಮಿಕ್ಸ್ ಮಾಡಿದರು. ಒಂದು ಮೆಷಿನ್ನಿನಿಂದ ಇನ್ನೊಂದಕ್ಕೆ ಸುರಿಯುವುದಕ್ಕೆ ಮೊದಲಿನ ಟೇಪುಗಳನ್ನು ಇಎಂಐನವರು ಎಸೆದಿರಲಿಲ್ಲ. ಜೈಲ್ಸ್ ಆ ಮೂಲ ಟೇಪುಗಳಿಗೇ ವಾಪಸ್ ಹೋದರು. ಅಂದರೆ ಉಪ್ಪು ಹಾಕುವ ಮುಂಚಿನ ಸಾರು ಹಾಗೇ ಸಿಕ್ಕಿತು. ಡ್ರಮ್ಮನ್ನು ನಡುವೆ ಇಟ್ಟರು, ದನಿಯನ್ನು ನಡುವೆ ಇಟ್ಟರು. ಮಾದರಿಯಾಗಿ ಎದುರಿಗಿಟ್ಟುಕೊಂಡಿದ್ದು ಹಳೇ ಸ್ಟೀರಿಯೊವನ್ನಲ್ಲ, ಮೊನೊವನ್ನು. 'ಶೀಸ್ ಲೀವಿಂಗ್ ಹೋಮ್' ಮತ್ತೆ ಬಿಳಿ ನಾಲ್ಕಕ್ಕೆ ಬಂತು.

ಇದರಲ್ಲಿ ರಿಂಗೊ ಸ್ಟಾರ್ ಡ್ರಮ್ ಕೇಳಬೇಕು! 'ಎ ಡೇ ಇನ್ ದ ಲೈಫ್'ನಲ್ಲಿ ಸಾಲು ಸಾಲಿನ ನಡುವೆ ಅವರು ಉರುಳಿಸುವ ಆ ಪೆಟ್ಟುಗಳು ಹಳೇ ಸ್ಟೀರಿಯೊದಲ್ಲಿ ಒಂದು ಮೂಲೆಯಲ್ಲಿ ಕೇಳಿಸುತ್ತಿದ್ದವು. ಇಲ್ಲಿ ಚರ್ಮ ಬಿಗಿದಿರುವುದು, ಸಡಿಲ ಇರುವುದು ಕೂಡ ಗೊತ್ತಾಗುತ್ತದೆ. ಮೆಕಾರ್ಟ್ನಿ ಬೇಸ್ ಗಿಟಾರ್ ಸಣ್ಣ ಇಯರ್‌ಫೋನಿನಲ್ಲೂ ದುಂಡಗೆ ಕೇಳಿಸುತ್ತದೆ.

ಕೊರತೆಯೂ ಇದೆ. ಇಂದಿನ ಕಿವಿಗೆ ತಕ್ಕಂತೆ ಸದ್ದು ಜೋರಾಗಿದೆ. ಮೆಲ್ಲಗಿದ್ದದ್ದು, ಗಟ್ಟಿಯಾಗಿದ್ದದ್ದು ಇವೆರಡರ ಅಂತರ ಕಡಿಮೆಯಾಗಿದೆ. ಇಡೀ ಆಲ್ಬಮ್ ಒಂದೇ ಸಲ ಕೇಳಿದರೆ ನನಗೆ ಕೊನೆಯ ಹೊತ್ತಿಗೆ ಕಿವಿ ದಣಿಯುತ್ತದೆ. ಆದರೂ ಫೋನಿನಲ್ಲಿ ಕೇಳುವವರಿಗೆ ಇದನ್ನೇ ಹೇಳುತ್ತೇನೆ. ಆ್ಯಪ್‌ನಲ್ಲಿ ಹೆಸರಿನ ಮುಂದೆ '2017 ಮಿಕ್ಸ್' ಅಂತ ಇದೆಯಾ ನೋಡಿಕೊಳ್ಳಿ. ಬರೀ 'ರೀಮಾಸ್ಟರ್ಡ್' ಅಂತ ಇದ್ದರೆ ಅದು 2009ರಲ್ಲಿ ತೊಳೆದು ಒರೆಸಿಟ್ಟ ಅದೇ ಹಳೇ ಸ್ಟೀರಿಯೊ. ಡಾಲ್ಬಿ ಆ್ಯಟ್ಮಾಸ್ ರೂಪವೂ ಇದೆ. ಸುತ್ತಲೂ ಸ್ಪೀಕರ್ ಇಟ್ಟುಕೊಂಡವರಿಗೆ ಚೆನ್ನ, ಮಿಕ್ಕವರಿಗೆ ಅದರ ಗೊಡವೆ ಬೇಡ.

ಹಳೇ ಸ್ಟೀರಿಯೊ ಯಾಕೆ ಬಿಡಬಾರದು

ನನಗೆ ಕಾರಣ ಒಂದೇ ಹಾಡು. 'ವಿದಿನ್ ಯು ವಿದೌಟ್ ಯು'.

ಜಾರ್ಜ್ ಹ್ಯಾರಿಸನ್ 1966ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದು ಪಂಡಿತ್ ರವಿಶಂಕರ್ ಅವರ ಹತ್ತಿರ ಸಿತಾರ್ ಕಲಿತರು. ವಾಪಸ್ ಹೋದ ಮೇಲೆ ಬರೆದ ಹಾಡಿದು. ರೆಕಾರ್ಡಿಂಗ್ ಶುರುವಾದದ್ದು 1967ರ ಮಾರ್ಚ್ 15ರಂದು. ಮಿಕ್ಕ ಮೂವರು ಬೀಟಲ್ಸ್ ಇದರಲ್ಲಿ ಇಲ್ಲವೇ ಇಲ್ಲ. ನುಡಿಸಿದವರು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ ಮೂಲಕ ಬಂದ ಭಾರತೀಯರು. ಅನ್ನಾ ಜೋಶಿ ಮತ್ತು ಅಮೃತ್ ಗಜ್ಜರ್ ದಿಲ್‌ರುಬಾ (ಕಮಾನಿನಿಂದ ನುಡಿಸುವ ತಂತಿವಾದ್ಯ), ನಟ್ವರ್ ಸೋನಿ ತಬಲಾ, ಬುದ್ಧದೇವ್ ಕನ್ಸಾರಾ ತಂಬೂರಿ. ಜಗತ್ತೆಲ್ಲ ಕೇಳಿದ ಆಲ್ಬಮ್ಮಿನ ಕವರಿನ ಮೇಲೆ ಇವರ ಹೆಸರು ಅಚ್ಚಾಗಲಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆದಿದ್ದೇನೆ.

ಹಾಡಿನ ಸ್ವರಗಳು ಹಿಂದೂಸ್ತಾನಿಯ ಖಮಾಜ್ ಥಾಟ್‌ಗೆ ಹತ್ತಿರ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಹರಿಕಾಂಭೋಜಿ. ಸಂಗೀತ ಕಲಿತ ಮನೆಯವರು ಯಾರಾದರೂ ಇದ್ದರೆ ಸುಮ್ನೆ ಕೇಳಿಸಿ ನೋಡಿ, ಅವರಿಗೆ ಥಟ್ಟನೆ ಗುರುತು ಸಿಗುತ್ತದೆ. ನಡುವೆ ಬರೀ ವಾದ್ಯ ಬರುವ ಕಡೆ ತಾಳ ಐದರ ಲೆಕ್ಕಕ್ಕೆ ಬದಲಾಗುತ್ತದೆ. ಅಲ್ಲಿ ದಿಲ್‌ರುಬಾ ಒಂದು ಮಾತು ಆಡುತ್ತದೆ, ಪಿಟೀಲು, ಚೆಲ್ಲೊ ಅದಕ್ಕೆ ಉತ್ತರ ಕೊಡುತ್ತವೆ. ಏಪ್ರಿಲ್ 3ರಂದು 8 ಪಿಟೀಲು, 3 ಚೆಲ್ಲೊ ಕರೆಸಿ, ದಿಲ್‌ರುಬಾದ ಗಮಕವನ್ನು ಪಾಶ್ಚಾತ್ಯ ವಾದಕರ ಬೆರಳಿಗೆ ತರಲು ಮಾರ್ಟಿನ್ ತುಂಬಾ ಕಷ್ಟಪಟ್ಟರು. ಸ್ವರದಿಂದ ಸ್ವರಕ್ಕೆ ಜಾರುವುದನ್ನೂ ಹಾಳೆಯ ಮೇಲೆ ಬರೆದುಕೊಡಬೇಕಿತ್ತು. ಆ ಸವಾಲು ಜವಾಬನ್ನು ಮೊನೊದಲ್ಲಿ ಕೇಳಿದರೆ ಎಲ್ಲ ಒಂದೇ ಕಡೆಯಿಂದ ಬರುತ್ತದೆ. ಹಳೇ ಸ್ಟೀರಿಯೊದಲ್ಲಿ ಕೇಳಿದರೆ ಜಾಗ ಬಿಚ್ಚಿಕೊಳ್ಳುತ್ತದೆ, ಕಛೇರಿಯ ಎದುರು ಕೂತ ಹಾಗೆ. 2017ರದು ಇನ್ನೂ ಸ್ಪಷ್ಟ, ನಿಜ. ಆದರೂ ಹಳೆಯದರ ಆ ಮಬ್ಬು ಈ ಹಾಡಿಗೆ ಒಪ್ಪುತ್ತದೆ ಅಂತ ನನಗೆ ಅನ್ನಿಸುತ್ತದೆ.

ಭಾರತದ ನಂಟು ಕವರಿನ ಮೇಲೂ ಇದೆ. ಪೀಟರ್ ಬ್ಲೇಕ್ ಮತ್ತು ಜ್ಯಾನ್ ಹಾವರ್ತ್ ರೂಪಿಸಿದ ಆ ಜನಸಂದಣಿಯಲ್ಲಿ ಹ್ಯಾರಿಸನ್ ಆರಿಸಿದ ನಾಲ್ವರು ಗುರುಗಳಿದ್ದಾರೆ: ಮಹಾವತಾರ ಬಾಬಾಜಿ, ಲಾಹಿರಿ ಮಹಾಶಯ, ಯುಕ್ತೇಶ್ವರ ಗಿರಿ, ಪರಮಹಂಸ ಯೋಗಾನಂದ. ಗಾಂಧೀಜಿಯವರೂ ಇದ್ದರು. ಭಾರತದಲ್ಲಿ ಜನರಿಗೆ ಬೇಸರ ಆದೀತು ಅಂತ ಇಎಂಐನವರು ಹೆದರಿದ್ದರಿಂದ ಅವರ ಚಿತ್ರವನ್ನು ತೆಗೆದರು.

ಒಂದೇ ಸ್ಪೀಕರಿನ ವಿಮರ್ಶೆ

1967ರ ಜೂನ್ 1 ಅಧಿಕೃತ ಬಿಡುಗಡೆಯ ದಿನ. ಬ್ರಿಟನ್ನಿನ ಅಂಗಡಿಗಳಿಗೆ ಮೇ ಕೊನೆಯಲ್ಲೇ ಬಂದುಬಿಟ್ಟಿತ್ತು. ಜೂನ್ 4ಕ್ಕೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಲಂಡನ್ನಿನ ವೇದಿಕೆ ಹತ್ತಿ ಶೀರ್ಷಿಕೆ ಹಾಡಿನಿಂದಲೇ ಕಾರ್ಯಕ್ರಮ ಶುರು ಮಾಡಿದರು. ಕೆಳಗೆ ಮೆಕಾರ್ಟ್ನಿ, ಹ್ಯಾರಿಸನ್ ಕೂತಿದ್ದರು. ಬಿಬಿಸಿ ಮಾತ್ರ ಮಾದಕ ವಸ್ತುವಿನ ಸೂಚನೆ ಇದೆ ಅಂತ 'ಎ ಡೇ ಇನ್ ದ ಲೈಫ್'ಗೆ ನಿಷೇಧ ಹಾಕಿತ್ತು. ಅಮೆರಿಕದಲ್ಲಿ ಆಲ್ಬಮ್ 15 ವಾರ ಮೊದಲ ಸ್ಥಾನದಲ್ಲಿತ್ತು. ಮರುವರ್ಷ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಪಡೆಯಿತು. ರಾಕ್ ಆಲ್ಬಮ್ಮಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಎಲ್ಲರೂ ಹೊಗಳುತ್ತಿದ್ದಾಗ ಒಬ್ಬರು ಮಾತ್ರ ಚೆನ್ನಾಗಿಲ್ಲ ಅಂದರು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ರಿಚರ್ಡ್ ಗೋಲ್ಡ್‌ಸ್ಟೀನ್. ತಂತ್ರದ ಆಡಂಬರ ಜಾಸ್ತಿಯಾಯಿತು, ಹಾಡು ಕಡಿಮೆಯಾಯಿತು ಅನ್ನುವುದು ಅವರ ಆಕ್ಷೇಪ. ಸಿಟ್ಟಿನ ಪತ್ರಗಳು ರಾಶಿ ಬಿದ್ದವು. ಎಷ್ಟೋ ವರ್ಷದ ಮೇಲೆ ಅವರೇ ಹೇಳಿದರು: ಆಗ ತಮ್ಮ ಸ್ಟೀರಿಯೊದ ಒಂದು ಸ್ಪೀಕರ್ ಕೆಟ್ಟಿತ್ತು.

ಇದನ್ನು ಓದಿದಾಗ ನನಗೆ ಆ ಬಸ್ಸು ನೆನಪಾಯಿತು. ಅವರ ಆಕ್ಷೇಪವನ್ನು ನಾನು ತಳ್ಳಿಹಾಕಲ್ಲ. ಈ ಆಲ್ಬಮ್ಮಿನಲ್ಲಿ ಕೆಲವು ಹಾಡು ಬಟ್ಟೆಗಿಂತ ಜರಿಯೇ ಹೆಚ್ಚಾದ ಸೀರೆಯಂತಿವೆ, ನಿಜ. ಆದರೆ ಅದೇ ವಿಮರ್ಶಕರ ಕೈಗೆ ಮೊನೊ ಸಿಕ್ಕಿದ್ದರೆ, ಕೆಟ್ಟ ಸ್ಪೀಕರಿನಿಂದ ಏನೂ ಕಳೆದುಹೋಗುತ್ತಿರಲಿಲ್ಲ. ಒಂದೇ ಸ್ಪೀಕರಿನಲ್ಲಿ ಪೂರ್ತಿ ಆಲ್ಬಮ್ ಇರುತ್ತಿತ್ತು.

ಹಳೇ ರೆಕಾರ್ಡ್ ಕೊಳ್ಳುವವರಿಗೆ

ಹಳೇ ಎಲ್‌ಪಿ ಕಣ್ಣಿಗೆ ಬಿದ್ದರೆ ಮೊದಲು ನಂಬರ್ ನೋಡಿ. ಬ್ರಿಟಿಷ್ ಮೊನೊಗೆ ಪಿಎಂಸಿ 7027, ಸ್ಟೀರಿಯೊಗೆ ಪಿಸಿಎಸ್ 7027. ಕವರ್ ನೋಡಿ ಮರುಳಾಗಬೇಡಿ. ಒಳಗಿನ ರೆಕಾರ್ಡಿನ ಲೇಬಲ್ ಮೇಲೂ ಅದೇ ನಂಬರ್ ಇದೆಯಾ ನೋಡಿ, ಅದಲು ಬದಲಾಗಿರುವುದುಂಟು. ಅಂಗಡಿಯವರು ಹಾಕಿ ತೋರಿಸುತ್ತೇವೆ ಅಂದರೆ ಮೊದಲ ಹಾಡನ್ನು ಕೇಳಬೇಡಿ, ಎರಡನೇ ಬದಿಯ ಕೊನೆಯ ಹಾಡನ್ನು ಹಾಕಿಸಿ. ರೆಕಾರ್ಡಿನ ನಡುವಿಗೆ ಹತ್ತಿರ ಹೋದಷ್ಟೂ ಗೆರೆ ಇಕ್ಕಟ್ಟಾಗುತ್ತದೆ, ಸವೆತ ಅಲ್ಲೇ ಮೊದಲು ಗೊತ್ತಾಗುವುದು.

ಅಲ್ಲಿರುವುದು ಮತ್ತೆ 'ಎ ಡೇ ಇನ್ ದ ಲೈಫ್'. ಫೆಬ್ರವರಿ 10ರ ರಾತ್ರಿ 40 ಜನ ವಾದಕರು ಸೂಟು ಬೂಟು ಹಾಕಿಕೊಂಡು ಕೂತು, ತಮ್ಮ ವಾದ್ಯದ ತೀರಾ ಕೆಳಗಿನ ಸ್ವರದಿಂದ ಮೇಲಿನವರೆಗೆ 24 ಬಾರ್‌ಗಳಲ್ಲಿ (ನಮ್ಮ ತಾಳದ ಆವರ್ತ ಇದ್ದ ಹಾಗೆ) ಏರಿದ ಭಾಗ ಅದರಲ್ಲಿದೆ. ಚೆನ್ನಾಗಿರುವ ರೆಕಾರ್ಡಿನಲ್ಲಿ ಅದು ಗೋಡೆ ಎದ್ದ ಹಾಗೆ ಏರುತ್ತದೆ. ಸವೆದದ್ದರಲ್ಲಿ ಗರಗರ ಅನ್ನುತ್ತದೆ. ಆಮೇಲೆ ಕೊನೆಯ ಪಿಯಾನೊ ಪೆಟ್ಟು. ಹಲವರು ಸೇರಿ ಪಿಯಾನೊಗಳ ಮೇಲೆ ಒಟ್ಟಿಗೆ ಒತ್ತಿದ ಒಂದೇ ಒಂದು ಪೆಟ್ಟು. 40 ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತದೆ. ಸದ್ದು ಕುಂದುತ್ತಿದ್ದಂತೆ ಎಮರಿಕ್ ವಾಲ್ಯೂಮ್ ಏರಿಸುತ್ತಾ ಹೋದರು. ಹಾಗಾಗಿ ಕೊನೆಕೊನೆಗೆ ಯಾರೋ ಕೂತ ಕುರ್ಚಿ ಕಿರ್ರ್ ಅಂದದ್ದೂ ದಾಖಲಾಯಿತು. ಸವೆದ ರೆಕಾರ್ಡಿನಲ್ಲಿ ಅದು ಕರಕರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕುರ್ಚಿ ಕೇಳಿಸಿತು ಅಂದರೆ ದುಡ್ಡು ಕೊಟ್ಟು ಮನೆಗೆ ತನ್ನಿ.